ಮಂಟಪದ ಅಕ್ಕ

ಮೊನ್ನೆ ಸೊಸೆ ಪ್ರಯಾಣಕ್ಕೆಂದು ಮೊಸರನ್ನ ಕಟ್ಟುತ್ತಿದ್ದಳು. ಹಿತ್ತಲಿನಿಂದ ಬಾಳೆಯ ಎಲೆಯೊಂದನ್ನು ಕೊಯ್ದು ತಂದು, ಮಡಿಸುವಾಗ ಹರಿಯದಿರಲೆಂದು ಒಲೆಯ ಉರಿಯ ಮೇಲೆ ಆ ಕಡೆ ಈ ಕಡೆ ಆಡಿಸಿದಳು. ಹಸಿ ಎಲೆ ಬಾಡುವಾಗ ಒಂದು ವಾಸನೆ ಬರುತ್ತದೆ. ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ನನ್ನ ಕೈ ತಾನಾಗಿ ನಿಂತಿತು. ಹಂಪಿಯ ಕಲ್ಲುಮಂಟಪವೊಂದರಲ್ಲಿ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಹೀಗೆಯೇ ಎಲೆ ಬಾಡಿಸುತ್ತಿದ್ದ ಒಬ್ಬರು ಕಣ್ಣ ಮುಂದೆ ಬಂದರು. ಎಷ್ಟು ವರ್ಷವಾಯಿತು ಅವರು ಹೀಗೆ ಬಂದು...

ನಾನು ಸಂಡೂರಿನವಳು. ಮದುವೆಯಾಗಿ ಹೊಸಪೇಟೆಗೆ ಬಂದಾಗ ಇನ್ನೂ ಮದರಾಸು ಸರ್ಕಾರದ ಕಾಲ. ಹೊಳೆಗೆ ಅಣೆಕಟ್ಟು ಕಟ್ಟಿರಲಿಲ್ಲ. ಮನೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ನಾವಿಬ್ಬರು, ಅತ್ತೆ. ಅತ್ತೆ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ, ಕೆಂಪು ಸೀರೆಯುಟ್ಟು, ಮಡಿ ಮೈಲಿಗೆಗಳ ಲೆಕ್ಕದಲ್ಲೇ ದಿನ ಕಳೆಯುತ್ತಿದ್ದರು. ಮಾತು ಕಡಿಮೆ, ಆಡಿದರೆ ಎದುರಾಡುವಂತಿರಲಿಲ್ಲ. ಮದುವೆಯಾಗಿ ವರ್ಷಗಳು ಕಳೆದರೂ ನನ್ನ ಮಡಿಲು ತುಂಬಲಿಲ್ಲ. ಅತ್ತೆ ಅದಕ್ಕಾಗಿ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಹಂಪಿಗೆ ಕರೆದುಕೊಂಡು ಹೋಗತೊಡಗಿದರು. ತಿಂಗಳಿಗೊಮ್ಮೆ ಚಕ್ರತೀರ್ಥದಲ್ಲಿ ಮುಳುಗಿ, ಮೇಲಿನ ಗುಡ್ಡದ ಯಂತ್ರೋದ್ಧಾರಕ ಹನುಮಪ್ಪನಿಗೆ ಒದ್ದೆ ಬಟ್ಟೆಯಲ್ಲಿ ಪ್ರದಕ್ಷಿಣೆ ಹಾಕುವುದು ಹರಕೆ.

ಬುಕ್ಕಸಾಗರದ ಬಂಡಿಯವನೊಬ್ಬ ಹೊಸಪೇಟೆಯ ಸಂತೆಗೆ ಬಾಳೆಗೊನೆ ತರುತ್ತಿದ್ದ. ಮರಳುವಾಗ ನಮ್ಮನ್ನು ಹತ್ತಿಸಿಕೊಳ್ಳುತ್ತಿದ್ದ. ಅನಂತಶಯನಗುಡಿ ದಾಟಿ, ಕಡ್ಡಿರಾಂಪುರದ ತೋಟಗಳ ನಡುವೆ ಬಂಡಿ ಕುಲುಕುತ್ತ ಸಾಗಿ, ವಿರೂಪಾಕ್ಷನ ಗೋಪುರ ಕಾಣುವ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿರುತ್ತಿತ್ತು. ಗುಡಿಯ ಮುಂದಿನ ಅಗಲವಾದ ಬೀದಿಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ಮಂಟಪಗಳು. ಒಂದು ಕಾಲಕ್ಕೆ ಅಲ್ಲಿ ಮುತ್ತು ರತ್ನ ಮಾರುತ್ತಿದ್ದರೆಂದು ಹೇಳುತ್ತಿದ್ದರು. ನಾನು ಕಂಡಾಗ ಕೆಲವು ಮಂಟಪಗಳಲ್ಲಿ ದನ ಕಟ್ಟಿದ್ದರು, ಕೆಲವಕ್ಕೆ ಕಂಬದಿಂದ ಕಂಬಕ್ಕೆ ಮಣ್ಣಿನ ಗೋಡೆ ಎಬ್ಬಿಸಿ ಬಡವರು ಸಂಸಾರ ಹೂಡಿದ್ದರು. ಅಂಥದೊಂದರಲ್ಲಿ ಅವರಿದ್ದರು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಯಾತ್ರಿಕರು ಮಂಟಪದಮ್ಮ ಎನ್ನುತ್ತಿದ್ದರು. ಅತ್ತೆ ಮಾತ್ರ 'ಆ ಕಂಪ್ಲಿಯಾಕಿ' ಎಂದೇ ಕರೆಯುತ್ತಿದ್ದರು. ಎತ್ತರದ ಹೆಂಗಸು, ಎಣ್ಣೆಗಪ್ಪು ಮೈಬಣ್ಣ, ಮುಂಗೈ ತುಂಬ ಹಸಿರು ಗಾಜಿನ ಬಳೆ, ಹಣೆಯ ತುಂಬ ಕುಂಕುಮ. ದೂರದಿಂದ ಬಂದವರಿಗೆ ಅಡುಗೆ ಮಾಡಿ ಬಡಿಸುತ್ತಿದ್ದರು. ಅವರು ಕೊಟ್ಟ ಅಕ್ಕಿ ಬೇಳೆಯಲ್ಲಿ ತಮ್ಮ ಹೊಟ್ಟೆ ಹೊರೆಯುತ್ತಿದ್ದರು. ಹೊಳೆ ದಾಟಿ ಆನೆಗೊಂದಿಯ ಕಡೆ ಹೊರಟವರು ಯಾರೇ ಇರಲಿ, ಕೇಳಲಿ ಬಿಡಲಿ, ಎಲೆ ಬಾಡಿಸಿ ಮೊಸರನ್ನದ ಬುತ್ತಿ ಕಟ್ಟಿ ಕೈಗಿಡುತ್ತಿದ್ದರು.

"ಬರ್ರಿ ಅಮ್ಮಾರ, ಕುಂದ್ರಿ. ಬಿಸಿಲು ಭಾಳ ಅದ," ಎಂದು ಮೊದಲ ದಿನ ಅತ್ತೆಗೆ ಮಣೆ ಹಾಕಿದರು. ಅತ್ತೆ ಮಣೆ ಸರಿಸಿ ಬರಿಯ ಕಲ್ಲಿನ ಮೇಲೆ ಕುಳಿತರು. ನನಗೆ ಊಟ ಬಡಿಸಲು ಬಿಟ್ಟರು. ತಾವು ಮನೆಯಿಂದ ತಂದಿದ್ದ ಎರಡು ಬಾಳೆಹಣ್ಣು ತಿಂದು ನೀರು ಕುಡಿದರು. ಆಮೇಲೆ ಪ್ರತಿ ಸಲವೂ ಹಾಗೆಯೇ.

ಕಾರಣ ನನಗೆ ತಿಳಿದದ್ದು ವಾಪಸು ಬರುವಾಗ, ಬಂಡಿಯಲ್ಲಿ, ಅತ್ತೆಯ ಬಾಯಿಂದ. ಅಕ್ಕನೂ ಗಂಡನೂ ಕಂಪ್ಲಿಯಿಂದ ಹಂಪಿಗೆ ಯಾತ್ರೆಗೆ ಬಂದಿದ್ದರಂತೆ. ಗಂಡ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ, ಯತಿಗಳ ಸಮಾಧಿಗಳಿರುವ ನಡುಗಡ್ಡೆ ನವಬೃಂದಾವನಕ್ಕೆ ಹೋದವನು ಬರಲಿಲ್ಲ. ಮೇಲೆ ಎಲ್ಲೋ ಮಳೆಯಾಗಿ ಹೊಳೆ ಒಮ್ಮೆಲೇ ಏರಿ, ಹರಿಗೋಲು ಬಂಡೆಗೆ ಬಡಿದು ಮಗುಚಿತು. ಉಳಿದವರಲ್ಲಿ ಕೆಲವರು ಈಜಿ ದಡ ಸೇರಿದರು, ಸತ್ತವರ ಹೆಣಗಳು ಸಿಕ್ಕವು. ಅಕ್ಕನ ಗಂಡ ಮಾತ್ರ ಹಾಗೂ ಸಿಗಲಿಲ್ಲ, ಹೀಗೂ ಸಿಗಲಿಲ್ಲ. ಅಕ್ಕ ಊರಿಗೆ ಮರಳಲಿಲ್ಲ. ಕುಂಕುಮವನ್ನೂ ಅಳಿಸಲಿಲ್ಲ. ಅಂಥವಳ ಕೈಯ ಅನ್ನ ಅತ್ತೆಗೆ ಸಲ್ಲದು.

"ಹನ್ನೆರಡು ವರ್ಷ ತುಂಬೋತನಕ ಶಾಸ್ತ್ರ ಸುಮ್ಮನಿರತದ," ಎಂದರು ಅತ್ತೆ. "ಆಮ್ಯಾಲೆ ಇಕಿ ಏನ ಮಾಡ್ತಾಳ ನೋಡೂಣು."

ಆ ಮಾತಿನಲ್ಲಿ ಕನಿಕರವಿರಲಿಲ್ಲ. ಅದೇನೋ ಒಂದು ಹೊಟ್ಟೆಕಿಚ್ಚಿನಂತೆ ನನಗೆ ಕೇಳಿಸಿತು. ಆಗ ನನಗೆ ಅರ್ಥವಾಗಲಿಲ್ಲ.

ಅತ್ತೆ ಹನುಮಪ್ಪನ ಮುಂದೆ ಜಪಕ್ಕೆ ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನನ್ನ ಪ್ರದಕ್ಷಿಣೆ ಮುಗಿದ ಮೇಲೆ ಅಕ್ಕ ನನ್ನನ್ನು ಹೊಳೆಯ ದಂಡೆಗುಂಟ ಅಲ್ಲಿ ಇಲ್ಲಿ ಕರೆದೊಯ್ಯುತ್ತಿದ್ದರು. ಹಂಪಿಯನ್ನು ನನಗೆ ತೋರಿಸಿದವರು ಅವರೇ. ಕೋದಂಡರಾಮನ ಗುಡಿ, ಹುಲ್ಲು ಬೆಳೆದ ಹಳೆಯ ಪೇಟೆ, ರಾಜರು ತಮ್ಮನ್ನು ಬಂಗಾರಕ್ಕೆ ತೂಗಿಕೊಳ್ಳುತ್ತಿದ್ದ ಕಲ್ಲುಕಂಬ... ಎಲ್ಲ ದಾಟಿ ವಿಜಯವಿಠ್ಠಲನ ಗುಡಿಗೆ ಹೋಗುತ್ತಿದ್ದೆವು. ಅಷ್ಟು ದೊಡ್ಡ ಗುಡಿ, ಕಲ್ಲಿನ ರಥ, ಕುದುರೆ ಏರಿದ ಸವಾರರ ಕಂಬಗಳು. ಗರ್ಭಗುಡಿಯೊಳಗೆ ಇಣುಕಿದರೆ ಕತ್ತಲೆ, ಬಾವಲಿಗಳ ವಾಸನೆ. ದೇವರಿಲ್ಲ. ವಿಠ್ಠಲ ಪಂಢರಪುರಕ್ಕೇ ಮರಳಿ ಹೋದನೆಂದು ಹೇಳುತ್ತಾರೆ. ಮೊದಲ ಸಲ ನಾನು ರೂಢಿಯಂತೆ ಕೈಮುಗಿದು, ಆಮೇಲೆ ನಾಚಿ ಕೈ ಇಳಿಸಿದೆ. "ದೇವರೇ ಇಲ್ಲಲ್ಲ ಅಕ್ಕ," ಎಂದೆ.

"ಇರಲಿ ಬಿಡ ತಂಗೀ. ನಾವು ಬಂದೀವಲ್ಲ," ಎಂದರು.

ಮಕ್ಕಳ ಮಾತನ್ನು ಅವರು ನನ್ನೆದುರು ಎತ್ತಲೇ ಇಲ್ಲ. ಊರಿನಲ್ಲಿ ಕಂಡವರೆಲ್ಲ ನನ್ನ ಹೊಟ್ಟೆ ನೋಡಿ ಮಾತಾಡುತ್ತಿದ್ದ ದಿನಗಳವು. ಅಕ್ಕ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಅದಕ್ಕೇ ಇರಬೇಕು, ಒಂದು ದಿನ ಪುರಂದರ ಮಂಟಪದ ಮೆಟ್ಟಿಲ ಮೇಲೆ ಕಾಲು ನೀರಿಗಿಳಿಸಿ ಕುಳಿತಿದ್ದಾಗ ಕೇಳಿಬಿಟ್ಟೆ: ಅವತ್ತು ನೀವೂ ಯಾಕೆ ಜೊತೆಗೆ ಹೋಗಲಿಲ್ಲ?

ಅಕ್ಕ ಕಾಲನ್ನು ನೀರಿನಿಂದ ಮೇಲೆತ್ತಿಕೊಂಡರು. "ಅವತ್ತು ನಾ ಹೊರಗಾಗಿದ್ದೆ. ಬೃಂದಾವನಕ್ಕ ಹೆಂಗ ಹೋಗಲಿ? 'ನೀ ಈ ಮಂಟಪದಾಗ ಕೂತಿರು, ಸಂಜೀಕ ಬಂದಬಿಡ್ತೀನಿ' ಅಂದ್ರು. ಉಂಡ ಹೋಗ್ರಿ ಅಂದೆ. ಆದ್ರ ಒಲಿ ಮುಟ್ಟೂಹಂಗಿರಲಿಲ್ಲಲ್ಲ ನಾ... 'ಬಂದ ಮ್ಯಾಲೆ ನೋಡೂಣು' ಅಂದು ಹೋದ್ರು. ಹಸಕೊಂಡ ಹೋದ್ರು ತಂಗೀ."

ಆ ಹೊಳೆ ಅಲ್ಲಿಂದ ಬುಕ್ಕಸಾಗರದ ಮಗ್ಗುಲಲ್ಲಿ ಹಾದು ನೇರ ಕಂಪ್ಲಿಗೇ ಹೋಗುತ್ತದೆ. ಸುದ್ದಿ ತಿಳಿದ ಅಕ್ಕನ ಮೈದುನ ಊರ ಮುಂದಿನ ದಂಡೆಯಲ್ಲಿ ಜನ ನಿಲ್ಲಿಸಿ, ತಾನೂ ನಿಂತು, ಬಹಳ ದಿನ ಕಾದನಂತೆ. ಏನೂ ತೇಲಿ ಬರಲಿಲ್ಲ. ಆಚೆ ದಡ ನಿಜಾಮರ ಸೀಮೆ. ಅಲ್ಲೆಲ್ಲೋ ದಡ ಹತ್ತಿ, ಯಾರದೋ ಮನೆಯಲ್ಲಿ ಜ್ಞಾನವಿಲ್ಲದೆ ಮಲಗಿರಬಹುದೆಂದು ಮೊದಮೊದಲು ಎಲ್ಲರೂ ಅಂದರು. ಉಳಿದವರು ಆ ಮಾತು ಮರೆತರು. ಅಕ್ಕ ಮರೆಯಲಿಲ್ಲ. ಇಲ್ಲೇ ಕೂತಿರು ಎಂದವರು ಬಂದಾಗ ತಾನು ಬೇರೆ ಕಡೆ ಇದ್ದರೆ ಹೇಗೆ ಎಂಬುದಷ್ಟೇ ಅವರ ಮಾತು. ಸಂಜೆಯಾಗುತ್ತಲೇ ಮಂಟಪದ ಕಟ್ಟೆಗೆ ಬಂದು ಹೊಳೆಯ ದಾರಿಗೆ ಮುಖ ಮಾಡಿ ಕೂರುತ್ತಿದ್ದರು. ಅಳುತ್ತ ಅಲ್ಲ, ಸೊಪ್ಪು ಸೋಸುತ್ತಲೋ ಅಕ್ಕಿ ಆರಿಸುತ್ತಲೋ, ಕೆಲಸಕ್ಕೆ ಹೋದ ಗಂಡ ಬರಲೆಂದು ಯಾರಾದರೂ ಕೂರುವಂತೆ.

ಹನ್ನೆರಡು ವರ್ಷ ತುಂಬಿದವು. ಒಂದು ಕಾರ್ತಿಕದಲ್ಲಿ ನಾವು ಹೋದಾಗ ಮಂಟಪದ ಕಟ್ಟೆಯ ಮೇಲೆ ಕಂಪ್ಲಿಯ ಆ ಮೈದುನ ಕುಳಿತಿದ್ದ. ನೆರೆತ ಕೂದಲಿನ, ಬಳಲಿದ ಮುಖದ ಮನುಷ್ಯ. ಪಕ್ಕದಲ್ಲಿ ಮದುವೆಗೆ ಬಂದ ಮಗಳು. ಅವನು ಜಗಳಕ್ಕೆ ಬಂದಿರಲಿಲ್ಲ. ತಲೆ ತಗ್ಗಿಸಿ ಮಾತಾಡುತ್ತಿದ್ದ.

"ಅತ್ತಿಗಿ, ಇಷ್ಟು ವರ್ಷ ನಾ ನಿಮಗ ಒತ್ತಾಯ ಮಾಡಿಲ್ಲ. ನನಗೂ ಅಂವ ಅಣ್ಣನ. ಆದ್ರ ಗಂಡಿನವರು ಕೇಳ್ಲಿಕತ್ತಾರ. ಹಿರೇಮಗನ ಕರ್ಮ ಆಗದ ಮನ್ಯಾಗ ಶುಭಕಾರ್ಯ ಹೆಂಗ ಮಾಡ್ತೀರಿ ಅಂತಾರ. ಹ್ವಾದ ವರ್ಷನೂ ಒಂದು ಸಂಬಂಧ ಹಿಂಗ ತಪ್ಪಿತು. ನಾ ಏನ ಹೇಳಲಿ ಅವರಿಗೆ?"

ಅಕ್ಕ ಹುಡುಗಿಯ ಹತ್ತಿರ ಹೋಗಿ ಕುಳಿತರು. ಹಂಪಿಗೆ ಬರುವ ಮೊದಲು ಕಂಪ್ಲಿಯ ಮನೆಯಲ್ಲಿ ಆ ಕೂಸನ್ನು ಎತ್ತಿ ಆಡಿಸಿದವರು ಅವರು. "ಹುಡುಗ ನಿನ್ನ ಮನಸ್ಸಿಗೆ ಬಂದಾನೇನ?" ಎಂದು ಕೇಳಿದರು. ಹುಡುಗಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ಆಡಿಸಿದಳು. ಅಕ್ಕ ಅವಳ ಜಡೆಯನ್ನು ಬೆನ್ನಿನ ಮೇಲೆ ಸರಿಮಾಡಿ ಎದ್ದರು.

"ಆತಪ್ಪಾ. ದಿನಾ ಗೊತ್ತ ಮಾಡು."

ಇಷ್ಟೇ ಅಂದರು. ಒಳಗೆ ಹೋಗಿ ನಮಗೆಲ್ಲ ಎಲೆ ಹಾಕಿದರು. ನಾವು ಹೊರಟಾಗ ಮಾತ್ರ, ಎಂದೂ ಇಲ್ಲದ್ದು, ಬಂಡಿಯವರೆಗೂ ಬಂದು ಅತ್ತೆಯ ಎದುರು ನಿಂತರು. "ಅಮ್ಮಾರ, ಹತ್ತನೇ ದಿನ ನೀವು ಬರಬೇಕು. ನನ್ನ ಕಡಿಯವರು ಯಾರೂ ಇಲ್ಲ." ಅತ್ತೆ ಅವರನ್ನು ದಿಟ್ಟಿಸಿ ನೋಡಿದರು. ಬಂಡಿ ಹೊರಟ ಮೇಲೆ, "ಬರ್ತೀನಿ," ಎಂದು ತಿರುಗಿ ಕೂಗಿದರು. ಅತ್ತೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚಕ್ರತೀರ್ಥದ ದಂಡೆಯಲ್ಲಿ ದರ್ಭೆಯಿಂದಲೂ ಮುತ್ತುಗದ ಎಲೆಯಿಂದಲೂ ಮನುಷ್ಯನ ಆಕಾರ ಮಾಡಿ, ಅದನ್ನೇ ಹೆಣವೆಂದು ತಿಳಿದು ಬೆಂಕಿ ಕೊಟ್ಟರು. ಹೆಂಡತಿಯ ಕುಂಕುಮ ಬಳೆ ತೆಗೆಸುವ ಹತ್ತನೆಯ ದಿನ ನಾವು ಹೋದೆವು. ಮುತ್ತೈದೆಯಾದ ನಾನು ಹೊಳೆಯ ಹತ್ತಿರ ಹೋಗುವಂತಿರಲಿಲ್ಲ. ಹುಡುಗಿಯ ಜೊತೆ ಮಂಟಪದಲ್ಲೇ ಉಳಿದೆ. ಅಕ್ಕ ಹೊಸ ಸೀರೆ ಉಟ್ಟು, ಹೂ ಮುಡಿದು, ಎಂದಿಗಿಂತ ದೊಡ್ಡ ಕುಂಕುಮವಿಟ್ಟುಕೊಂಡು ಅತ್ತೆಯ ಹಿಂದೆ ನಡೆದು ಹೋದರು. ಹುಡುಗಿ ಮೊಣಕಾಲಿನಲ್ಲಿ ಮುಖ ಹುದುಗಿಸಿ, "ಎಲ್ಲಾ ನನ್ನ ಸಲುವಾಗಿ," ಎಂದು ಅಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಅವರು ಬಂದರು. ಬೋಳು ಹಣೆ. ಬರಿಗೈ. ಒದ್ದೆ ಸೀರೆಯ ಸೆರಗು ತಲೆಯ ಮೇಲೆ. ಆದರೆ ಸೆರಗಿನ ಕೆಳಗೆ ಕೂದಲಿತ್ತು, ನೀರು ಸುರಿಯುತ್ತಿದ್ದ ಉದ್ದ ಕೂದಲು... ಅತ್ತೆ ಅವರ ರಟ್ಟೆ ಹಿಡಿದು, ತಮ್ಮ ಮಡಿಯ ಪರಿವೆಯೇ ಇಲ್ಲದೆ ನಡೆಸಿಕೊಂಡು ಬರುತ್ತಿದ್ದರು.

ಅಲ್ಲಿ ನಡೆದದ್ದನ್ನು ಮೈದುನ ಮಗಳಿಗೆ ಹೇಳುವಾಗ ಕೇಳಿಸಿಕೊಂಡೆ. ಹಜಾಮ ಕತ್ತಿ ಮಸೆದುಕೊಂಡು ಕಾದಿದ್ದನಂತೆ. ಅತ್ತೆ ಅವನನ್ನು ಎಬ್ಬಿಸಿ ಕಳಿಸಿದರಂತೆ. ಪುರೋಹಿತರು ಶಾಸ್ತ್ರವೆಂದಾಗ, "ಹೆಣಾನ ಹುಲ್ಲಿಂದು. ಅದಕ್ಕ ಇಕಿ ತಲಿಗೂದಲು ಯಾಕ ಕೊಡಬೇಕು?" ಎಂದರಂತೆ. ಬೋಳುತಲೆಯ, ಕೆಂಪು ಸೀರೆಯ ಮುದುಕಿಯ ಬಾಯಲ್ಲಿ ಆ ಮಾತು ಕೇಳಿ ಪುರೋಹಿತರು ಮುಂದಿನ ಮಂತ್ರಕ್ಕೆ ಹೋದರಂತೆ.

ಹಿಂದಿರುಗುವಾಗ ಅನಂತಶಯನಗುಡಿ ದಾಟಿದ ಮೇಲೆ ಅತ್ತೆ, ನನಗೆ ಹೇಳಿದರೋ ಎತ್ತುಗಳಿಗೆ ಹೇಳಿದರೋ ಎನ್ನುವ ಹಾಗೆ ಅಂದರು:

"ನನ್ನ ತಲಿಗೆ ಹಜಾಮ ಬಂದಾಗ ನಾ ಎಲ್ಲಾರ ಮುಖಾ ನೋಡಿದ್ದೆ. ಅವ್ವನ ಮುಖಾನೂ ನೋಡಿದೆ. ಯಾರರೆ ಒಬ್ರು ಬ್ಯಾಡ ಅಂತಾರೇನೋ ಅಂತ."

ಮುಂದಿನ ತಿಂಗಳು ಮಂಟಪಕ್ಕೆ ಹೋದಾಗ ಅಕ್ಕ ನನ್ನೊಬ್ಬಳಿಗೇ ಎಲೆ ಹಾಕಿದರು. ಅತ್ತೆ ನನ್ನ ಪಕ್ಕ ಬಂದು ಕುಳಿತು, "ನನಗೂ ಹಾಕು," ಎಂದರು. ಅಕ್ಕ ಗಾಬರಿಯಾದರು. "ಅಮ್ಮಾರ, ನಿಮ್ಮ ಮಡಿ..." "ನನ್ನ ಮಡಿ ನಾ ನೋಡ್ಕೋತೀನಿ. ನೀ ಅನ್ನಾ ಹಾಕು." ಅತ್ತೆ ಸಾರು ಅನ್ನ ಕಲಸಿ, ತಲೆ ಎತ್ತದೆ ಉಂಡರು. ಅಕ್ಕ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. ಹತ್ತನೆಯ ದಿನ ಅತ್ತಿದ್ದರೋ ಇಲ್ಲವೋ ನಾನು ಕಾಣೆ, ಅವತ್ತು ಅತ್ತರು.

ಆದರೆ ಬೇರೆಯವರು ಉಣ್ಣಲು ಬರುವುದು ಕಡಿಮೆಯಾಯಿತು. ಹೊಸದಾಗಿ ಮದುವೆಯಾಗಿ ವಿರೂಪಾಕ್ಷನ ದರ್ಶನಕ್ಕೆ ಬಂದ ಜೋಡಿಗಳು ಬೋಳು ಹಣೆಯ ಹೆಂಗಸು ಎದುರಾಗಬಾರದೆಂದು ಬೀದಿಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ಹಿಂದೆ ಅವರ ಕೈಯ ಬುತ್ತಿಗಾಗಿ ಕಾದು ನಿಲ್ಲುತ್ತಿದ್ದವರೂ ಈಗ ಹೊತ್ತಾಯಿತು ಎಂದು ಹೋಗಿಬಿಡುತ್ತಿದ್ದರು. ಅಕ್ಕ ಯಾರನ್ನೂ ಬೈಯಲಿಲ್ಲ. ಮಂಟಪದ ನೆಲ ಸಾರಿಸಿ, ಒಲೆ ಹೊತ್ತಿಸಿ, ತಮ್ಮೊಬ್ಬರಿಗೆ ಒಂದು ಹಿಡಿ ಅಕ್ಕಿ ಬೇಯಿಸುತ್ತಿದ್ದರು. ಸಂಜೆ ಕಟ್ಟೆಗೆ ಬರುವುದನ್ನು ಬಿಟ್ಟರು.

"ಸಂಜಿ ಭಾಳ ಉದ್ದ ಆಗ್ಯಾವ ತಂಗೀ," ಎಂದರು ಒಮ್ಮೆ. "ಮದಲ ಹಿಂಗಿರಲಿಲ್ಲ. ಕಾಯ್ಕೋತ ಕೂತರ ಹೊತ್ತು ಹ್ವಾದದ್ದ ಗೊತ್ತಾಗ್ತಿರಲಿಲ್ಲ."

ಕಡೆಗೂ ನಾನು ಬಸುರಿಯಾಗಿ ದಿನ ತುಂಬತೊಡಗಿದ ಮೇಲೆ ಬಂಡಿ ಹತ್ತುವುದು ನಿಂತಿತು. ಅತ್ತೆ ಹನುಮಪ್ಪನ ಕೃಪೆ ಎಂದರು. ಮಗ ಹುಟ್ಟಿದ ಸುದ್ದಿಯನ್ನು ಬುಕ್ಕಸಾಗರದವನ ಕೈಯಲ್ಲಿ ಅಕ್ಕನಿಗೆ ಹೇಳಿ ಕಳಿಸಿದೆ. ತೊಟ್ಟಿಲು ಶಾಸ್ತ್ರದ ದಿನ ಮನೆಯ ತುಂಬ ಮುತ್ತೈದೆಯರು. ಹೆಸರಿಟ್ಟು, ಹಾಡು ಮುಗಿಯುವ ಹೊತ್ತಿಗೆ ಕೆಲಸದವಳು ಬಂದು ಹಿತ್ತಲಲ್ಲಿ ಯಾರೋ ಕುಳಿತಿದ್ದಾರೆಂದಳು. ಬಾವಿಯ ಕಟ್ಟೆಯ ಬಳಿ, ಕಾಲಿಗೆ ಧೂಳು ಮೆತ್ತಿಕೊಂಡು, ಪುಟ್ಟ ಗಂಟೊಂದನ್ನು ಪಕ್ಕಕ್ಕಿಟ್ಟುಕೊಂಡು ಅಕ್ಕ ಕುಳಿತಿದ್ದರು. ಅಷ್ಟು ವರ್ಷ ಹಂಪಿ ಬಿಟ್ಟು ಕದಲದವರು ಹೊಸಪೇಟೆಯವರೆಗೆ ನಡೆದೇ ಬಂದಿದ್ದರು. ಮುಂಬಾಗಿಲಿಗೆ ಬಂದಿರಲಿಲ್ಲ.

ನಾನು ಒಳಗೆ ಕರೆಯುವ ಮೊದಲೇ ಅತ್ತೆ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡರು. ಕುಳಿತ ಹೆಂಗಸರ ನಡುವಿನಿಂದಲೇ ದಾಟಿ ಹಿತ್ತಲಿಗೆ ಹೋಗಿ, ಮಗುವನ್ನು ಅಕ್ಕನ ತೊಡೆಯ ಮೇಲೆ ಮಲಗಿಸಿದರು. ಒಂದಿಬ್ಬರು ಅರಿಶಿನ ಕುಂಕುಮಕ್ಕೂ ಕಾಯದೆ ಎದ್ದುಹೋದರು. ಅತ್ತೆ ಅತ್ತ ನೋಡಲೂ ಇಲ್ಲ.

ಅಕ್ಕ ಮಗುವಿನ ಅಂಗಾಲನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ತಾವು ಕಂಪ್ಲಿಗೆ ಹೊರಟಿರುವುದಾಗಿ ಹೇಳಿದರು. ಮೈದುನನ ಮಗಳು ಬಸುರಿ. ಬಾಣಂತನಕ್ಕೆ ದೊಡ್ಡವ್ವನೇ ಬೇಕೆಂದು ಹಟ ಹಿಡಿದಿದ್ದಾಳಂತೆ.

"ಮಂಟಪ?" ಎಂದೆ.

"ಇನ್ನ ಅಲ್ಲಿ ಯಾರು ಬರೋರಿದ್ದಾರ ತಂಗೀ. ಕರದ ಕಡೆಗೆ ಹೋಗೂದು."

ಊಟ ಮಾಡಿ, ಬಿಸಿಲು ಇಳಿದ ಮೇಲೆ ಬುಕ್ಕಸಾಗರದವನ ಬಂಡಿಯಲ್ಲಿ ಹೊರಟರು. ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದರು. ಮಗು ಅತ್ತಿತೆಂದು ನಾನು ಒಳಗೆ ಬಂದೆ...

ಮರುವರ್ಷ ಬೇಸಗೆಯಲ್ಲಿ ಕಂಪ್ಲಿಯ ಕಡೆ ಕಾಲರಾ ಬಂತೆಂದು ಕೇಳಿದೆವು. ಹೊಳೆ ಬತ್ತಿ, ಮಡುಗಟ್ಟಿದ ನೀರನ್ನೇ ಜನ ಕುಡಿಯುತ್ತಿದ್ದ ಕಾಲ. ಒಂದು ಬೆಳಗ್ಗೆ ಬುಕ್ಕಸಾಗರದವನು ಬಾಳೆಗೊನೆ ಇಳಿಸುತ್ತ, ಬೇರೆ ನಾಲ್ಕು ಸುದ್ದಿಗಳ ನಡುವೆ ಹೇಳಿದ: "ಆ ಮಂಟಪದಮ್ಮ ಹೋದ್ರಂತ ನೋಡ್ರಿ ಅವ್ವಾರ. ಬಾಣಂತಿಗೆ ಜಡ್ಡು ಹತ್ತಿತ್ತಂತ. ಹಗಲೂ ರಾತ್ರಿ ಮಗ್ಗಲು ಬಿಡಲಾರದ ನೋಡಿಕೊಂಡ್ರಂತ. ಹುಡುಗಿ ಉಳೀತು, ಕೂಸೂ ಉಳೀತು. ಇವರು ಹೋದ್ರು."

ಗೊನೆಯನ್ನು ಒಳಗೆ ತಂದಿಟ್ಟೆ. ಮನೆಯವರು ಕಚೇರಿಗೆ ಹೊರಡುವ ಹೊತ್ತು; ಬಡಿಸಿದೆ. ಸತ್ತವರು ನಮಗೆ ರಕ್ತಸಂಬಂಧವಲ್ಲ, ಗೋತ್ರವಲ್ಲ, ನೆರೆಯವರೂ ಅಲ್ಲ. ಸೂತಕವಿಲ್ಲ, ಸ್ನಾನವಿಲ್ಲ, ಅಳುವುದಕ್ಕೂ ಒಂದು ನೆಪವಿಲ್ಲ. ಪಾತ್ರೆ ತೊಳೆಯಲು ಹಿತ್ತಲಿಗೆ ಹೋದರೆ ಅತ್ತೆ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದರು. ಬೆಳಗಿನ ಸ್ನಾನ ಪೂಜೆ ಎಲ್ಲ ಮುಗಿದಿದ್ದವರು, ಉಟ್ಟ ಸೀರೆಯಲ್ಲೇ ಕೊಡಗಟ್ಟಲೆ ನೀರು ಸೇದಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ನನ್ನನ್ನು ನೋಡಿ ಒಂದು ಕೊಡ ನನ್ನ ಕಡೆಗೆ ಸರಿಸಿದರು.

"ಹೊಯ್ಕೋ," ಎಂದರು.

ನಾನೂ ತಲೆಯ ಮೇಲೆ ಹೊಯ್ದುಕೊಂಡೆ. ಇಬ್ಬರೂ ಒದ್ದೆ ಬಟ್ಟೆಯಲ್ಲಿ ಅಲ್ಲೇ ಕುಳಿತೆವು. ನೀರು ಸುರಿಯುವಾಗ ಅತ್ತರೆ ತಿಳಿಯುವುದಿಲ್ಲ.

ಅತ್ತೆ ಹೋಗಿಯೂ ಬಹಳ ಕಾಲವಾಯಿತು. ಬುಕ್ಕಸಾಗರದವನೂ ಇಲ್ಲ. ಕಂಪ್ಲಿಯ ಆ ಹುಡುಗಿ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ತಿಳಿಯದು. ಹೋದ ವರ್ಷ ಮಗ ಕಾರಿನಲ್ಲಿ ನನ್ನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದ. ಬೀದಿಯ ಮಂಟಪಗಳ ಮಣ್ಣಿನ ಗೋಡೆಗಳನ್ನು ಈಗ ಒಡೆದು ತೆಗೆದಿದ್ದಾರೆ. ಒಂದರಂತೆ ಇನ್ನೊಂದು, ಬರಿಯ ಕಂಬಗಳು. ಗುಡಿಯಿಂದ ಎಷ್ಟನೆಯದು, ಬಲಕ್ಕೋ ಎಡಕ್ಕೋ... ಕೋಲೂರಿಕೊಂಡು ಆ ತುದಿಯಿಂದ ಈ ತುದಿಗೆ ನಡೆದೆ. ಗುರುತು ಹತ್ತಲಿಲ್ಲ.

"ಏನ ಹುಡುಕ್ಲಿಕತ್ತೀ ಅಮ್ಮಾ?" ಎಂದ ಮಗ. ಹೇಳಿದೆ. "ಅವರು ನಮಗೇನಾಗಬೇಕು?" ಎಂದು ಕೇಳಿದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಕಾಲು ಸೋತಿತ್ತು. ಯಾವುದೋ ಒಂದು ಮಂಟಪದ ಕಟ್ಟೆಯ ಮೇಲೆ ಕುಳಿತೆ. ಅವರದೊಂದು ಪಟವಿಲ್ಲ. ತಿಥಿ ಮಾಡುವವರು ಉಳಿದಿದ್ದಾರೋ ಇಲ್ಲವೋ. ಅವರ ದನಿ ಹೇಗಿತ್ತೆಂದು ಬಲ್ಲವಳು ಬಹುಶಃ ಇನ್ನು ನಾನೊಬ್ಬಳೇ. ಈಗೀಗ ನನಗೂ ಅದು ಸರಿಯಾಗಿ ಕೇಳಿಸುವುದಿಲ್ಲ.